ಪ್ರೈಮರ್ ಹಚ್ಚಿದ ಹಾವು

ಆ ಸೋಮವಾರ ಹುಮನಾಬಾದಿನ ನಮ್ಮ ಸಣ್ಣ ಕಣ್ಣಿನ ದವಾಖಾನೆಗೆ ಬಂದ ಮೊದಲ ರೋಗಿಯ ಹಣೆಯ ಮೇಲೆ ಹಾವೊಂದು ಮಲಗಿತ್ತು. ಬಾಲ ಬಲಗಡೆಯ ಕೂದಲೊಳಗೆ, ಮೈ ಹಣೆಯ ಮೇಲೆ ಬಳುಕಿ ಹುಬ್ಬು ದಾಟಿ, ತಲೆ ಸರಿಯಾಗಿ ಮೂಗಿನ ತುದಿಯ ಮೇಲೆ. ಬರೆದ ಹಾವೇ, ಆದರೆ ಬರೆದ ಕೈ ಪಳಗಿದ ಕೈ. ಹಾವಿಗೆ ದುಂಡನೆಯ ಕಣ್ಣುಗಳಿದ್ದವು, ಸೀಳು ನಾಲಗೆಯೂ ಇತ್ತು. ಅದರ ಪಕ್ಕದಲ್ಲಿ ರೋಗಿಯ ಸ್ವಂತ ಬಲಗಣ್ಣು ಊದಿಕೊಂಡು ಮುಚ್ಚಿತ್ತು.

"ಡಾಕ್ಟರ್ ಬಾಯಿ, ಜರಾ ನನ್ನ ಹಿಂದಲಿ ನೋಡ್ರಿ," ಎಂದು ಆತ ಕುರ್ಚಿಯಲ್ಲಿ ತಿರುಗಿ ನನಗೆ ಬೆನ್ನು ಹಾಕಿ ಕುಳಿತ.

'ಬಾಯಿ' ಅನ್ನುವುದು ಈ ಸೀಮೆಯಲ್ಲಿ ಹೆಂಗಸರಿಗೆ ಮರ್ಯಾದೆಯ ಮಾತು, ಮರಾಠಿಯ ಕಡೆಯಿಂದ ಬಂದದ್ದು. ನಾನು ತುಮಕೂರಿನ ಕಡೆಯವಳು. ನಮ್ಮಲ್ಲಿ ಬಾಯಿ ಇರುವುದು ಉಣ್ಣುವುದಕ್ಕೆ ಮತ್ತು ಜಗಳಕ್ಕೆ. ಇಲ್ಲಿಗೆ ಬಂದ ಹೊಸತರಲ್ಲಿ ಬಾಗಿಲ ಹೊರಗೆ ಯಾರೋ "ಡಾಕ್ಟರ್ ಬಾಯಿ ಖಾಲಿ ಅದಾರೇನು?" ಎಂದು ಕೇಳಿದಾಗ, ಬಾಯಲ್ಲಿದ್ದ ಇಡ್ಲಿಯನ್ನು ಗಡಿಬಿಡಿಯಿಂದ ನುಂಗಿ ಖಾಲಿ ಮಾಡಿಕೊಂಡವಳು ನಾನು. ಈಗ ಆ ಮಾತಿಗೆ ಒಗ್ಗಿದ್ದೇನೆ. ಕಣ್ಣಿನ ಡಾಕ್ಟರಿಗೆ ಹಿಂದಲೆ ತೋರಿಸುವವರಿಗೆ ಮಾತ್ರ ಇನ್ನೂ ಒಗ್ಗಿರಲಿಲ್ಲ.

"ಕಣ್ಣು ಮುಂದೆ ಇದೆಯಲ್ಲ ಚಾಚಾ, ಈ ಕಡೆ ತಿರುಗಿ," ಅಂದೆ.

"ಕಣ್ಣ ಇರಲಿ ಬಿಡ್ರಿ. ಬಾಲ ಎಲ್ಲಿತನಕ ಬಂದದ, ಅದು ನೋಡ್ರಿ ಮೊದಲ. ನಮ್ಮ ಮನ್ಯಾಕಿಗೆ ಬರೋಬರಿ ಕಾಣಂಗಿಲ್ಲ."

"ನನಗ ಎಲ್ಲಾ ಕಾಣ್ತದ್ರಿ," ಅಂದಳು ಜೊತೆಗೆ ಬಂದಿದ್ದ ಹೆಂಡತಿ. "ನಿನ್ನಿಂದ ನೋಡಾಕತ್ತೀನಿ. ಬಾಲ ಕಿವಿ ಮ್ಯಾಲೇ ಅದ. ಇವರಿಗೇ ನಂಬಿಕಿ ಇಲ್ಲ."

ನಮ್ಮ ಕಡೆ ಸರ್ಪಸುತ್ತು ಅನ್ನುವ ರೋಗಕ್ಕೆ ಇಲ್ಲಿ ನಾಗೀಣ ಎನ್ನುತ್ತಾರೆ. ಮೈಯ ಒಂದೇ ಪಕ್ಕದಲ್ಲಿ ಉರಿ ಹತ್ತಿ, ಪಟ್ಟಿಯ ಹಾಗೆ ನೀರುಗುಳ್ಳೆ ಏಳುತ್ತವೆ. ಜನರ ಲೆಕ್ಕದಲ್ಲಿ ಅದು ಹಾವು. ಅದು ಸುತ್ತಿಕೊಂಡು ಹೋಗಿ ತಲೆ ಬಾಲ ಕೂಡಿದರೆ ಮನುಷ್ಯನ ಕಥೆ ಮುಗಿಯಿತು. ಈ ಮನುಷ್ಯನ ಹಾವು ಹಣೆಯಿಂದ ಹೊರಟಿತ್ತು. ತಲೆಬುರುಡೆಯನ್ನು ಒಂದು ಸುತ್ತು ಹಾಕಲು ಅದಕ್ಕೆ ಎಷ್ಟು ಹೊತ್ತು ಬೇಕು ಎಂಬುದೊಂದೇ ಆತನ ಚಿಂತೆ. ಜೀವದ ಭಯ ಹೊತ್ತು ಬಂದವನಿಗೆ ಕಣ್ಣು ಲೆಕ್ಕಕ್ಕೇ ಇರಲಿಲ್ಲ.

ಆತ ಲಾರಿ ಪೇಂಟರ್. ಮನೆ ಬಸವಕಲ್ಯಾಣದ ಕೋಟೆಯ ಹತ್ತಿರ, ಕೆಲಸ ಹುಮನಾಬಾದಿನ ಹೊರಗೆ ಹೈವೇ ಬದಿಯ ಶೆಡ್ಡಿನಲ್ಲಿ. ಈ ದಾರಿಯಲ್ಲಿ ಓಡಾಡುವ ಲಾರಿಗಳ ಹಿಂದೆ ಗುಲಾಬಿ, ಗಿಡುಗ, ಮಾಲೀಕರ ಮಕ್ಕಳ ಹೆಸರು, ಬುದ್ಧಿಮಾತು ಕಂಡರೆ ಅದರಲ್ಲಿ ಆತನ ಕೈ ಇರುವ ಸಂಭವ ಹೆಚ್ಚು. ಅರವತ್ತು ದಾಟಿದ್ದರೂ ಗೆರೆ ಎಳೆಯಲು ಪಟ್ಟಿ ಹಿಡಿಯುತ್ತಿರಲಿಲ್ಲ. ಸುತ್ತಲಿನ ಹುಡುಗರಿಂದ ಹಿಡಿದು ಟೋಲಿನವರವರೆಗೆ ಎಲ್ಲರಿಗೂ ಆತ ಪೇಂಟರ್ ಚಾಚಾ.

ನಾಗೀಣಕ್ಕೆ ಘಾಟಬೋರಾಳದಲ್ಲಿ ಒಬ್ಬ ಅಜ್ಜಿ ಮದ್ದು ಮಾಡುತ್ತಾಳೆ. ಎಲ್ಲರೂ ಆಕೆಯನ್ನು ಆಯಿ ಎನ್ನುತ್ತಾರೆ. ಹುರಮಂಜು, ಅಂದರೆ ಗೋಡೆಗೆ ಬಳಿಯುವ ಕೆಂಪು ಮಣ್ಣನ್ನು ಕಲೆಸಿ, ಮಂತ್ರ ಹೇಳುತ್ತ ಗುಳ್ಳೆಗಳ ಮೇಲೆ ಹಾವು ಬರೆಯುತ್ತಾಳೆ, ಕೂಲಿಗೆ ಒಂದು ತೆಂಗಿನಕಾಯಿ ತಗೊಳ್ಳುತ್ತಾಳೆ. ಬರೆದ ಹಾವು ಕದಲುವುದಿಲ್ಲವಾದ್ದರಿಂದ ಒಳಗಿನ ಹಾವೂ ಕದಲುವುದಿಲ್ಲ. ಚಾಚಾ ಹಿಂದಿನ ದಿನ ಹೋಗಿ ಬರೆಸಿಕೊಂಡಿದ್ದ. ಆದರೆ ಕಣ್ಣೀರು, ಗುಳ್ಳೆಯ ನೀರು ಎಲ್ಲ ಸೇರಿ ಸಂಜೆಯೊಳಗೆ ಆಯಿಯ ಹಾವು ಕರಗಿ ಗಡ್ಡಕ್ಕಿಳಿದಿತ್ತು. ಒಂದು ದಿನವೂ ಬಾಳದ ಕೆಲಸ ಆತನ ಪ್ರಕಾರ ಕೆಲಸವೇ ಅಲ್ಲ. ಶೆಡ್ಡಿನಲ್ಲಿ ಲಾರಿಯ ಕಬ್ಬಿಣಕ್ಕೆ ಮೊದಲು ಹೊಡೆಯುವ ರೆಡ್ ಆಕ್ಸೈಡ್ ಪ್ರೈಮರ್ ಇತ್ತು. ಬಣ್ಣ ಹುರಮಂಜಿನದೇ. ಕಣ್ಣು ಪೂರ್ತಿ ಮುಚ್ಚುವ ಮೊದಲೇ ಲಾರಿಯ ಕನ್ನಡಿಯ ಮುಂದೆ ನಿಂತು ಆತನೇ ಹಾವನ್ನು ತಿದ್ದಿ ಬರೆದುಕೊಂಡಿದ್ದ.

"ಆಯಿ ಹಾವ ಹಾವಿನಂಗೇ ಇದ್ದಿಲ್ರಿ, ಸವತಿಕಾಯಿ ಆಗಿತ್ತು," ಅಂದ. "ನಾ ಕಣ್ಣ, ನಾಲಿಗಿ ಎಲ್ಲಾ ಹಾಕಿ ಎರಡ ಕೋಟ್ ಹೊಡದೀನಿ. ಬಿಸಲಾಗ ನಿಂದ್ರಲಿ, ಮಳ್ಯಾಗ ನಿಂದ್ರಲಿ, ಗ್ಯಾರಂಟಿ ಅದ."

ನಮ್ಮ ಸಿಸ್ಟರ್ ಗೋಡೆಯ ಕಡೆ ಮುಖ ಮಾಡಿಕೊಂಡು ಹತ್ತಿಯ ಡಬ್ಬಿಯನ್ನು ಸುಮ್ಮಸುಮ್ಮನೆ ಜೋಡಿಸತೊಡಗಿದಳು. ಅವಳ ಭುಜ ಕುಲುಕುತ್ತಿತ್ತು. ನನಗೂ ನಗು ಗಂಟಲಿನವರೆಗೆ ಬಂದಿತ್ತು. ಅಕ್ಷರದ ಫಲಕ ತೋರಿಸೋಣವೆಂದು ಆತನ ಎಡಗಣ್ಣನ್ನು ನೋಡಿದೆ. ನಗು ಅಲ್ಲೇ ನಿಂತಿತು. ಕರಿಯ ಗುಡ್ಡೆಯ ನಡುವೆ ಹಾಲಿನ ಬಣ್ಣದ ಹಳೆಯ ಕಲೆ.

"ಇದು ಯಾವಾಗ ಆಯ್ತು ಚಾಚಾ?"

"ಸಣ್ಣಾಂವ ಇದ್ದಾಗ ತಾಯಿ ಬಂದಿದ್ದಳ್ರಿ. ಹೋಗುವಾಗ ಈ ಕಣ್ಣ ತಗೊಂಡ ಹೋದಳು."

ತಾಯಿ ಎಂದರೆ ಸೀತಾಳೆ ಸಿಡುಬು. ಎಡಗಣ್ಣಿನ ಮುಂದೆ ಕೈ ಆಡಿಸಿದರೆ ಏನೋ ಆಡಿದ್ದು ಗೊತ್ತಾಗುತ್ತಿತ್ತು, ಅಷ್ಟೆ. ಇಷ್ಟು ವರ್ಷ ಆ ಗುಲಾಬಿಗಳನ್ನೂ ಗಿಡುಗಗಳನ್ನೂ ಬರೆದದ್ದು ಬಲಗಣ್ಣು ಒಂದೇ. ಈಗ ಅದು ಪ್ರೈಮರಿನ ಹಿಂದೆ ಊದಿಕೊಂಡು ಕುಳಿತಿತ್ತು.

ನನಗೆ ತುರ್ತಾಗಿ ನೋಡಬೇಕಾದದ್ದು ಮೂಗಿನ ತುದಿ. ಹಣೆಯಲ್ಲಿ ನಾಗೀಣ ಎದ್ದವರಿಗೆಲ್ಲ ಕಣ್ಣು ಕೆಡುವುದಿಲ್ಲ. ಆದರೆ ಮೂಗಿನ ತುದಿಗೆ ಹೋಗುವ ನರದ ಎಳೆಯೇ ಕಣ್ಣೊಳಕ್ಕೂ ಹೋಗುತ್ತದೆ. ಆ ತುದಿಯಲ್ಲಿ ಒಂದು ಗುಳ್ಳೆ ಕಂಡರೂ ಕಣ್ಣಿಗೆ ಬಂದಿದೆ ಎಂದೇ ಹಿಡಿಯಬೇಕು. ಅದರ ಮೇಲೆ ಹಾವಿನ ತಲೆ ಇತ್ತು, ಎರಡು ಕೋಟಿನದು.

"ಥಿನ್ನರ್ ತರಸ್ಲೇನ್ರಿ? ಹಿಂಗ ಒರಸಿದ್ರ ಹಂಗ ಹೋಗ್ತದ."

"ಥಿನ್ನರ್ ಹೆಸರೆತ್ತಿದರೆ ನಾನೇ ನಿಮ್ಮ ತಲೆಬಾಲ ಕೂಡಿಸಿಬಿಡ್ತೀನಿ," ಅಂದೆ. ನನಗೆ ಸಿಟ್ಟು ಬೇಗ ಬರುತ್ತದೆ, ರೋಗಿಗಳಿಗೆ ಅದು ಗೊತ್ತು.

ಕಣ್ಣಿಗೆ ಮುಲಾಮು ತುಂಬಿ, ಮೇಲೆ ಒದ್ದೆ ಬ್ಯಾಂಡೇಜ್ ಬಟ್ಟೆ ಮುಚ್ಚಿ, ಸಿಸ್ಟರ್ ಲಿಕ್ವಿಡ್ ಪ್ಯಾರಾಫಿನ್ನಿನಲ್ಲಿ ಅದ್ದಿದ ಬಟ್ಟೆಯನ್ನು ಹಣೆಯ ಮೇಲೆ ಇಟ್ಟು ನೆನೆಸಿದಳು. ಆಮೇಲೆ ಹತ್ತಿಯಿಂದ ಒಂದೊಂದೇ ಚೂರು ಬಿಡಿಸುತ್ತ ಹೋದಳು. ಗುಳ್ಳೆ ಒಡೆಯಬಾರದು, ಬಣ್ಣ ಕಣ್ಣಿಗೆ ಇಳಿಯಬಾರದು. ಮಲಗಿದಲ್ಲಿಂದಲೇ ಚಾಚಾ ಅವಳಿಗೆ ಪಾಠ ಮಾಡುತ್ತಿದ್ದ. "ಅಡ್ಡ ತಿಕ್ಕಬ್ಯಾಡವಾ, ಮ್ಯಾಲಿಂದ ಕೆಳಗ ಎಳಿ. ಹಳೇ ಬಣ್ಣ ಕಿತ್ತೋದು ಹೊಡೆಯೋದಕಿಂತ ದೊಡ್ಡ ಕೆಲಸ." ನಡುವೆ ಉರಿ ತಡೆಯದೆ ಸುಮ್ಮನಾಗುತ್ತಿದ್ದ, ಮತ್ತೆ ಶುರು ಮಾಡುತ್ತಿದ್ದ. ಹೊರಗೆ ಕುಳಿತ ರೋಗಿಗಳೆಲ್ಲ ಕಿಟಕಿಯಲ್ಲಿ ಸೇರಿ ಹಾವಿನ ಎಷ್ಟು ಭಾಗ ಹೋಯಿತು ಎಂದು ಹಿಂದಿನವರಿಗೆ ಹೇಳುತ್ತಿದ್ದರು.

ಕೊನೆಗೆ ತಲೆ ಬಿಟ್ಟುಕೊಂಡಿತು. ಅದರ ಕೆಳಗೆ, ಮೂಗಿನ ತುದಿಯ ಬಲಕ್ಕೆ, ಜೋಳದ ಕಾಳಿನಷ್ಟು ಗುಳ್ಳೆ.

ಊದಿದ ರೆಪ್ಪೆ ಬಿಡಿಸಿ, ಕಣ್ಣಿಗೆ ಕಿತ್ತಳೆ ಬಣ್ಣದ ಕಾಗದದ ಪಟ್ಟಿ ತಾಗಿಸಿ, ಕಣ್ಣು ನೋಡುವ ಯಂತ್ರ ಸ್ಲಿಟ್ ಲ್ಯಾಂಪಿನ ನೀಲಿ ಬೆಳಕಿನಲ್ಲಿ ನೋಡಿದೆ. ಗುಡ್ಡೆಯ ಮೇಲ್ಮೈಯಲ್ಲಿ ಬೇರಿನ ಎಳೆಯಂತೆ ಕವಲೊಡೆದ ಹಸಿರು ಗೆರೆಗಳಿದ್ದವು, ರೋಗ ಕಣ್ಣಿಗೆ ಇಳಿದ ಗುರುತು.

"ಏನ್ ಕಲರ್ ಕಾಣ್ತದ್ರಿ?" ಅಂದ ಚಾಚಾ.

"ಹಸಿರು."

"ಗಿಳಿ ಹಸರಾ, ಬಾಟ್ಲಿ ಹಸರಾ?"

ಹತ್ತಿಯ ಎಳೆಯೊಂದನ್ನು ಮೊನೆಯಾಗಿ ಹೊಸೆದು ಬದಿಯಿಂದ ತಂದು ಗುಡ್ಡೆಗೆ ಮುಟ್ಟಿಸಿದೆ. ಯಾರೇ ಆದರೂ ರೆಪ್ಪೆ ಬಡಿಯಲೇಬೇಕು. ಆತ ಬಡಿಯಲಿಲ್ಲ. "ಮುಟ್ಟಿದ್ದು ಗೊತ್ತಾಯ್ತಾ?" ಎಂದು ಕೇಳಿದೆ. "ಯಾವಾಗ ಮುಟ್ಟಿದ್ರಿ?" ಎಂದ. ನರ ಮರಗಟ್ಟಿತ್ತು.

ಇಬ್ಬರನ್ನೂ ಕೂರಿಸಿಕೊಂಡು ತಿಳಿಸಿ ಹೇಳಿದೆ. ಚಿಕ್ಕಂದಿನಲ್ಲಿ ಬಂದ ತಾಯಿಯೂ ಈಗ ಬಂದ ನಾಗೀಣವೂ ಬೇರೆಯಲ್ಲ, ಒಂದೇ ವೈರಸ್ಸು. ಸೀತಾಳೆ ವಾಸಿಯಾದರೂ ಅದು ಮೈ ಬಿಟ್ಟು ಹೋಗುವುದಿಲ್ಲ, ನರದ ಬುಡದಲ್ಲಿ ಅಡಗಿ ಕೂರುತ್ತದೆ. ವಯಸ್ಸಾಗಿ ಮೈಯ ಕಾವಲು ಸಡಿಲಾದಾಗ ಆ ನರದ ಗುಂಟ ಹೊರಗೆ ಬರುತ್ತದೆ.

"ಅಂದ್ರ ತಾಯಿ ಹೋಗಿದ್ದೇ ಇಲ್ಲ?"

"ಇಲ್ಲ. ಒಳಗೆ ಬಾಡಿಗೆಗೆ ಇದ್ದಳು ಅನ್ಕೊಳ್ಳಿ."

"ಐವತ್ತ ಅರವತ್ತ ವರ್ಷ ಫುಕಟ್ ಇದ್ದು, ಈಗ ಎರಡನೇ ಕಣ್ಣಿಗೆ ಬಂದಾಳೇನ್ರಿ?" ಚಾಚಾ ಹೆಂಡತಿಯ ಕಡೆ ತಿರುಗಿದ. "ಕೇಳ್ದ್ಯಾ? ಫುಕಟ್ ಕುಂತ ಉಣ್ತಿ ಅಂತ ನಾ ನಿನಗ ಸುಮ್ಮ ಬೈತಿದ್ದೆ."

ಚಾಚಿಗೆ ಬೇರೆ ಅನುಮಾನವಿತ್ತು. "ಇದರ ಹೆಸರ ಏನಂದ್ರಿ, ಇಂಗ್ಲಿಷಿನ್ಯಾಗ?"

"ಚಿಕನ್ ಪಾಕ್ಸ್."

ಆಕೆ ಗಂಭೀರವಾಗಿ ತಲೆಯಾಡಿಸಿದಳು. ಆ ದಿನದಿಂದ ಅವರ ಮನೆಯಲ್ಲಿ ಕೋಳಿ ಬಂದ್ ಆಯಿತು. ರೋಗಕ್ಕೂ ಕೋಳಿಗೂ ಸಂಬಂಧವಿಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ "ಸುಮ್ಮನೆ ಯಾರರೆ ಹೆಸರ ಇಡ್ತಾರೇನ್ರಿ?" ಎಂಬುದು ಆಕೆಯ ಒಂದೇ ಉತ್ತರ. ಮುಂದೆ ಚಾಚಾ ನನ್ನ ಮೇಲೆ ಹೊರಿಸಿದ ದೂರುಗಳಲ್ಲಿ ಅದೇ ಮೊದಲನೆಯದು.

ತಲೆಬಾಲದ ಭಯವನ್ನೂ ಬಿಡಿಸಬೇಕಿತ್ತು. ಆತನ ಹಣೆಯ ನಡುವಿನಿಂದ ಮೂಗಿನ ತುದಿಯವರೆಗೆ ಬೆರಳಿನಿಂದ ಗೆರೆ ಎಳೆದು ತೋರಿಸಿದೆ. ಬಲದ ನರ ಬಲಕ್ಕೆ, ಎಡದ್ದು ಎಡಕ್ಕೆ. ಬಲದಲ್ಲಿ ಎದ್ದದ್ದು ಈ ಗೆರೆ ದಾಟಿ ಸುತ್ತು ಹಾಕುವುದಿಲ್ಲ. ನೀವೇ ತಡವಿ ನೋಡಿ, ಒಂದು ಗುಳ್ಳೆಯಾದರೂ ಆ ಕಡೆ ಹೋಗಿದೆಯಾ ಎಂದೆ. ಆತ ಎಡಗಡೆಯನ್ನೆಲ್ಲ ಬೆರಳಿನಿಂದ ತಡವಿ ನೋಡಿಕೊಂಡ.

"ಗ್ಯಾರಂಟಿ ಅದ ಏನ್ರಿ?"

"ನಿಮ್ಮ ಪ್ರೈಮರಿಗಿಂತ ಹೆಚ್ಚು."

ಇನ್ನು ಗುಳಿಗೆ. ಈ ಮದ್ದನ್ನು ಗುಳ್ಳೆ ಎದ್ದ ಮೂರು ದಿನದೊಳಗೆ ಶುರು ಮಾಡಬೇಕು, ದಿನಕ್ಕೆ ಐದು ಸಲ ನುಂಗಬೇಕು. ಮೂರು ಸಲದ ಮಾತ್ರೆಯನ್ನೇ ಎರಡಕ್ಕೆ ಇಳಿಸುವ ಜನರಿಗೆ ಐದು ಹೇಳುವುದು ಗೋಡೆಗೆ ಹೇಳಿದಂತೆ. "ಐದು ವಕ್ತ್ ನಮಾಜಿನ ಜೊತಿ ತಗೋರಿ ಚಾಚಾ," ಎಂದು ಸಿಸ್ಟರ್ ಸುಲಭ ಮಾಡಿದಳು. ಚಾಚಾನ ಮುಖ ಸಪ್ಪಗಾಯಿತು, ಚಾಚಿಯ ಮುಖ ಅರಳಿತು. ಆತ ಶುಕ್ರವಾರಕ್ಕೊಮ್ಮೆ ಮಸೀದಿ ಕಾಣುವವನು ಎಂದು ಆಗ ತಿಳಿಯಿತು. ಆದರೆ ಸಂಜೆಯ ನಮಾಜುಗಳು ಒಂದಕ್ಕೊಂದು ಹತ್ತಿರ, ಗುಳಿಗೆಗಳ ನಡುವೆ ಅಂತರ ಬೇಕು. ಚೌಕಾಸಿ ಮಾಡಿ ಕೊನೆಗೆ ನಾಲ್ಕು ನಮಾಜು, ಒಂದು ಹತ್ತು ಗಂಟೆಯ ಚಹಾ ಎಂದು ಗೊತ್ತು ಮಾಡಿದೆವು. ಜೊತೆಗೆ ಕಣ್ಣಿಗೆ ಹನಿ ಹಾಕಬೇಕು, ಚೆನ್ನಾಗಿ ನೀರು ಕುಡಿಯಬೇಕು, ರಕ್ತ ಪರೀಕ್ಷೆ ಮಾಡಿಸಬೇಕು, ಗುಳ್ಳೆ ಒಣಗುವವರೆಗೆ ಬಸುರಿಯರ ಹತ್ತಿರ ಹೋಗಬಾರದು. ಚಾಚಿ ಒಂದೂ ಹೊತ್ತು ತಪ್ಪಿಸದೆ ಆತನನ್ನು ಎಬ್ಬಿಸಿದಳು. ಓಣಿಯವರು ಆತನಿಗೆ ಒಮ್ಮೆಲೇ ಭಕ್ತಿ ಬಂದದ್ದು ನೋಡಿ, ಕಾಯಿಲೆ ಭಾರೀ ಇರಬೇಕು ಎಂದು ಮಾತಾಡಿಕೊಂಡರಂತೆ.

ಗುಳ್ಳೆಗಳು ಒಣಗಿದವು. ಊತ ಇಳಿದು ಕಣ್ಣು ತೆರೆಯಿತು, ಹಸಿರು ಗೆರೆಗಳು ಮಾಸಿದವು. ನಾನು ಒಳಗೊಳಗೇ ಬೆನ್ನು ತಟ್ಟಿಕೊಂಡೆ. ನೀವು ಇನ್ನೂ ವಾರಕ್ಕೊಮ್ಮೆ ಬರಬೇಕು ಎಂದೆ. ಆತ "ಬರ್ತೀನ್ರಿ" ಎಂದ. ಬರಲಿಲ್ಲ.

ಗುರುವಾರಕ್ಕೊಮ್ಮೆ ನಾನು ಬಸವಕಲ್ಯಾಣಕ್ಕೆ ಹೋಗಿ ರೋಗಿಗಳನ್ನು ನೋಡುತ್ತೇನೆ. ಅಲ್ಲಿಗೆ ಚಾಚಿ ತನ್ನ ಚಷ್ಮಾಕ್ಕೆಂದು ಬಂದಳು. ಗಂಡನ ಬಗ್ಗೆ ಕೇಳಿದೆ.

"ಕೆಲಸಕ್ಕ ಹೋಗ್ಯಾರ್ರಿ. ಹಾವ ಸತ್ತದ ಅಂತ ಆಯಿ ಕಾಯಿ ಒಡದಾಳ. ಹನಿ ಬಿಟ್ಟಾರ."

"ಕಣ್ಣು ಹೇಗಿದೆ?"

"ಜರಾ ಕೆಂಪ ಅದ. ಥಿನ್ನರ್ ವಾಸನಿಗೆ ಅಂತಾರ. ತಲಿನೂ ನೋಯ್ತದ. ಆದ್ರ ಲೈಟ್ ನೋಡಿದ್ರ ಸುತ್ತ ಕಾಮನಬಿಲ್ಲ ಕಾಣ್ತದಂತ್ರಿ. ಭಾಳ ಚಂದ ಅದ ಅಂತಾರ, ದಿನಾ ಬಲ್ಬ್ ನೋಡಕೋತ ಕೂಡ್ತಾರ."

ದೀಪದ ಸುತ್ತ ಕಾಮನಬಿಲ್ಲು ಕಾಣುವುದು ಕಣ್ಣೊಳಗಿನ ಒತ್ತಡ ಏರಿದ ಲಕ್ಷಣ. ಆತ ಕಣ್ಣು ಹೋಗುತ್ತಿರುವುದನ್ನು ಜಾತ್ರೆ ನೋಡಿದ ಹಾಗೆ ನೋಡುತ್ತ ಕುಳಿತಿದ್ದ. ನಾನು ಉಳಿದ ರೋಗಿಗಳನ್ನು ಮುಗಿಸಿ ಹುಮನಾಬಾದಿಗೆ ಮರಳುವಾಗ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿದೆ.

ಹೊಸ ಲಾರಿಯೊಂದರ ಹಿಂದೆ ಸ್ಟೂಲಿನ ಮೇಲೆ ನಿಂತು ಆತ 'ನಜರ್ ಹಾಕಬ್ಯಾಡ ತಮ್ಮಾ' ಎಂದು ಬರೆಯುತ್ತಿದ್ದ. 'ನಜರ್' ನೆಟ್ಟಗಿತ್ತು. 'ಹಾಕಬ್ಯಾಡ' ಕೆಳಗಿಳಿದಿತ್ತು. 'ತಮ್ಮಾ' ನಂಬರ್ ಪ್ಲೇಟಿನ ಹತ್ತಿರಕ್ಕೆ ಹೋಗಿ ಒಂದು ಅಕ್ಷರ ಇನ್ನೊಂದರ ಮೇಲೆ ಕುಳಿತಿತ್ತು. ಲಾರಿಯ ಡ್ರೈವರ್ ಬೀಡಿ ಸೇದುತ್ತ ನಿಂತಿದ್ದ. "ಹೊಸಾ ಸ್ಟೈಲ್ ಅಂತ್ರಿ," ಎಂದು ನನಗೆ ವಿವರಿಸಿದ.

ಚಾಚಾ ನನ್ನನ್ನು ನೋಡಿ ಬ್ರಷ್ಷನ್ನು ಡಬ್ಬಿಯಲ್ಲಿಡಲು ಕೈ ಚಾಚಿದ. ಡಬ್ಬಿ ಅಲ್ಲಿರಲಿಲ್ಲ, ಒಂದು ಗೇಣು ಈಚೆಗಿತ್ತು. ಬ್ರಷ್ ಮಣ್ಣಿಗೆ ಬಿತ್ತು. ಆತ ಅದನ್ನು ಎತ್ತಿಕೊಳ್ಳಲಿಲ್ಲ, ನಾನು ನೋಡಿದೆನೋ ಇಲ್ಲವೋ ಎಂದು ನೋಡುತ್ತಿದ್ದ. ಆ ಹೊತ್ತು ಇಬ್ಬರಿಗೂ ಹೆದರಿಕೆಯಾಗಿತ್ತು.

"ದವಾಖಾನೆಗೆ ನಡೀರಿ ಚಾಚಾ."

"ನೋಡೋದು ನೋಡ್ರಿ ಬಾಯಿ, ದವಾ ಬ್ಯಾಡ್ರಿ. ಹಾವ ಸತ್ತದ. ಸತ್ತ ಹಾವಿಗೆ ದವಾ ಹಾಕಸ್ಕೊಂಡ್ರ ಆಯಿ ಮಾತ ಸುಳ್ಳ ಮಾಡಿದಂಗ ಆಗ್ತದ. ಒಮ್ಮಿ ಪ್ರೈಮರ್ ಹೊಡದು ಆಕಿ ಮನಸ್ಸ ಕೆಡಸೀನಿ. ಮತ್ತ ಕೆಡಸಿದ್ರ ನಾಗೀಣ ತಿರುಗಿ ಬರ್ತದ."

ದವಾಖಾನೆಗೆ ಕರೆತಂದು ಯಂತ್ರದಲ್ಲಿ ನೋಡಿದರೆ ಕಣ್ಣಿನ ಮೇಲ್ಮೈ ಸ್ವಚ್ಛವಾಗಿತ್ತು. ಒಳಗಿನ ನೀರಿನಲ್ಲಿ ಮಾತ್ರ ಬಿಸಿಲ ಕೋಲಿನಲ್ಲಿ ಧೂಳು ತೇಲಿದ ಹಾಗೆ ಕಣಗಳು ತೇಲುತ್ತಿದ್ದವು. ಒತ್ತಡ ಇರಬೇಕಾದ್ದಕ್ಕಿಂತ ದುಪ್ಪಟ್ಟು. ವೈರಸ್ಸಿನ ಹಾವಳಿ ಮುಗಿದ ಮೇಲೆ ಮೈಯೇ ತನ್ನ ಕಣ್ಣಿನ ಮೇಲೆ ಸಿಟ್ಟು ತೀರಿಸಿಕೊಳ್ಳುವ ಘಟ್ಟ ಇದು. ಒತ್ತಡ ಇಳಿಸುವ ಒಂದು ಹನಿಯನ್ನು "ಇದೊಂದು ಸಲ, ನಮ್ಮ ಮನೆಯ ಚಹಾ ಅನ್ಕೊಳ್ಳಿ" ಎಂದು ಹಾಕಿಸಿದೆ. ನಿಜವಾಗಿ ಬೇಕಾದದ್ದು ಸ್ಟಿರಾಯ್ಡ್ ಹನಿ. ಅದನ್ನು ಮೊದಲು ಗಂಟೆಗೊಮ್ಮೆ ಹಾಕಿ, ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನ ಇಳಿಸುತ್ತ ಹೋಗಬೇಕು. ನಡುವೆ ಬಿಟ್ಟರೆ ಉರಿ ಮೊದಲಿಗಿಂತ ಜೋರಾಗಿ ತಿರುಗಿಬೀಳುತ್ತದೆ, ಲೆಕ್ಕ ತಪ್ಪಿ ಹಾಕಿದರೆ ಸ್ಟಿರಾಯ್ಡೇ ಒತ್ತಡ ಏರಿಸುತ್ತದೆ. ಒಂದೇ ಕಣ್ಣಿನ ಮನುಷ್ಯನಿಗೆ ಅರೆಮನಸ್ಸಿನಲ್ಲಿ ಕೊಡುವ ಔಷಧಿ ಅಲ್ಲ.

ನನಗೆ ಕಲಿಸಿದ ಹುಬ್ಬಳ್ಳಿಯ ಗುರುಗಳಿಗೆ ಫೋನ್ ಮಾಡಿದೆ. ಎಲ್ಲ ಕೇಳಿ, "ಔಷಧಿ ಸರಿ ಐತಿ. ಅಂವ ಹಾಕ್ಕೊಳ್ತಾನೇನು?" ಅಂದರು. ಗೊತ್ತಿಲ್ಲ ಸರ್ ಎಂದೆ. "ಹಂಗಾರ ಮೊದಲ ಅದನ್ನ ನೋಡು," ಎಂದು ಇಟ್ಟುಬಿಟ್ಟರು. ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರೆ ನನ್ನ ಜವಾಬ್ದಾರಿ ಮುಗಿಯುತ್ತಿತ್ತು, ಆತ ಆ ಚೀಟಿಯಲ್ಲಿ ಬ್ರಷ್ ಒರೆಸಿಕೊಳ್ಳುತ್ತಿದ್ದ. ಬೈದು ನೋಡಬಹುದಿತ್ತು, ಬೈದಾಗಿತ್ತು. ಮರುದಿನ ಬೆಳಿಗ್ಗೆ ಸಿಸ್ಟರನ್ನು ಕರೆದುಕೊಂಡು ಘಾಟಬೋರಾಳಕ್ಕೆ ಹೊರಟೆ. ಅವಳ ತವರು ಅದೇ ಊರು.

ಆಯಿ ಕಟ್ಟೆಯ ಮೇಲೆ ಮೊರದಲ್ಲಿ ತೊಗರಿ ಹಸನು ಮಾಡುತ್ತ ಕುಳಿತಿದ್ದಳು. ಕಲ್ಲನ್ನು ಇಟ್ಟುಕೊಂಡು ಕಾಳನ್ನು ಎಸೆಯುತ್ತಿದ್ದಳು, ಎರಡು ಕಣ್ಣಿನಲ್ಲೂ ಪೊರೆ. ಕೋಳಿಗಳು ಸುತ್ತ ಸೇರಿ ಸುಖವಾಗಿದ್ದವು.

"ಹಾವ ಸತ್ತದ ಅಂದೀನಿ, ಸತ್ತದ," ಅಂದಳು ನಾನು ಬಾಯಿ ತೆರೆಯುವ ಮೊದಲೇ.

ನಾನು ನರ, ವೈರಸ್ಸು, ಒತ್ತಡ ಎಂದು ಶುರು ಮಾಡಿದೆ. ಆಕೆ ಕೇಳಿಸಿಕೊಂಡಂತೆ ಕಾಣಲಿಲ್ಲ. ಮೊರವನ್ನು ಒಮ್ಮೆ ಕೊಡವಿ, "ನನ್ನ ಹಾವಿಗೆ ನಾಲಿಗಿ ಬರದಾನಂತಲ್ಲ, ಖರೇ ಏನು?" ಎಂದು ಕೇಳಿದಳು.

"ಹೌದು ಆಯಿ."

"ನಾ ಲಗ್ನ ಆಗಿ ಬಂದಾಗಿಂದ ಬರೀಲಾಕತ್ತೀನಿ. ಎಂದಾರ ನಾಲಿಗಿ ಬರದೀನೇನು? ಬರದ್ರ ಹಾವ ಕಚ್ಚಲ್ದೇ ಬಿಡ್ತದೇನು?"

ಇದು ಕಸುಬಿನ ಮಾನದ ವಿಷಯ ಎಂದು ನನಗೆ ತಟ್ಟನೆ ಹೊಳೆಯಿತು. ನಾನು ಬರೆದ ಚೀಟಿಯನ್ನು ಔಷಧಿ ಅಂಗಡಿಯವನು ತಿದ್ದಿದಾಗ ನಾನೇನು ಸುಮ್ಮನಿರುತ್ತೇನೆಯೇ. "ನಾಲಿಗೆ ಬರೆದದ್ದು ತಪ್ಪು ಆಯಿ. ಅದರಲ್ಲಿ ಎರಡು ಮಾತಿಲ್ಲ," ಅಂದೆ. ಆಕೆ ಮೊದಲ ಬಾರಿಗೆ ನನ್ನ ಕಡೆ ತಿರುಗಿ ಕಣ್ಣು ಕಿರಿದು ಮಾಡಿ ನೋಡಿದಳು. ಸಿಸ್ಟರ್ ಹೋಗಿ ನೀರು ತಂದುಕೊಟ್ಟಳು.

"ನಿಮ್ಮ ಮಾತೂ ಖರೆ," ಎಂದು ಮುಂದುವರಿಸಿದೆ. "ಹಾವು ಸತ್ತಿದೆ, ನಾನೂ ಯಂತ್ರದಲ್ಲಿ ನೋಡಿದೆ. ಆದರೆ ಕಣ್ಣೊಳಗೆ ಇನ್ನೂ ಏನೋ ಇದೆ. ಚಾಚಾ ಬರೆದ ಅಕ್ಷರ ಡೊಂಕಾಗ್ತಿದೆ. ಅವರಿಗೆ ಇನ್ನೊಂದು ಕಣ್ಣಿಲ್ಲ. ಅದೇನಿರಬಹುದು, ನೀವೇ ಹೇಳಿ."

ಅಕ್ಷರ ಡೊಂಕಾದ ಮಾತಿಗೆ ಆಕೆಯ ಕೈ ನಿಂತಿತು. ಸ್ವಲ್ಪ ಹೊತ್ತು ತೊಗರಿಯಲ್ಲಿ ಬೆರಳಾಡಿಸಿದಳು.

"ಜೋಡಿ," ಅಂದಳು.

"ಏನು?"

"ಹಾವ ಹೊಡದ್ರ ಅದರ ಜೋಡಿ ಸುಮ್ಮ ಇರ್ತದೇನು ಯವ್ವಾ? ಸಿಟ್ಟಿಗೇಳ್ತದ. ಹುಡಕ್ಯಾಡಿ ಬರ್ತದ."

ನಾನು ಸುಳ್ಳು ಹೇಳಲಿಲ್ಲ ಎಂದು ಇಲ್ಲಿ ಸ್ಪಷ್ಟಪಡಿಸುತ್ತೇನೆ. ಜೋಡಿ ಎಂದವಳು ಆಯಿ, ನಾನು ತಲೆಯಾಡಿಸಿದೆ ಅಷ್ಟೆ. ಮೊದಲನೆಯದು ಸತ್ತ ಮೇಲೆ ಬಂದ ಎರಡನೆಯ ಸಿಟ್ಟು, ಅದಕ್ಕೆ ಬೇರೆಯೇ ಮದ್ದು. ನನ್ನ ಪುಸ್ತಕ ಇದಕ್ಕೆ ಕೊಡುವ ಹೆಸರು ಒಂದು ಸಾಲು ಹಿಡಿಯುತ್ತದೆ, ಎರಡಕ್ಷರದ ಹೆಸರನ್ನು ಬಿಟ್ಟು ಅದನ್ನು ಹಿಡಿದುಕೊಳ್ಳುವ ಹಟ ನನಗೆ ಬರಲಿಲ್ಲ. "ಈ ಮಾತನ್ನು ನೀವೇ ಬಂದು ಚಾಚಾಗೆ ಹೇಳಬೇಕು," ಎಂದೆ. ಆಕೆ ಮೊರ ಒಳಗಿಟ್ಟು, ಸೀರೆ ಬದಲಿಸಿ, ನನ್ನ ಗಾಡಿಯ ಮುಂದಿನ ಸೀಟಿನಲ್ಲಿ ಕುಳಿತಳು. ಸಿಸ್ಟರ್ ಹಿಂದೆ ಕುಳಿತಳು.

ದವಾಖಾನೆಯಲ್ಲಿ ಆಯಿ ನೇರ ಹೋಗಿ ಕುಳಿತದ್ದು ನನ್ನ ಕುರ್ಚಿಯಲ್ಲಿ. ಹೇಳಿ ಕಳಿಸಿದ್ದಕ್ಕೆ ಬಂದ ಚಾಚಾ ಶಾಲೆಯ ಹುಡುಗನ ಹಾಗೆ ಎದುರಿಗೆ ನಿಂತ. ನಾನು ಬಾಗಿಲ ಬಳಿ ನಿಂತೆ.

"ಹಾವ ಸತ್ತದ," ಅಂದಳು ಆಯಿ. "ಜೋಡಿ ಬಂದದ. ಕಣ್ಣೊಳಗ ಹೋಗಿ ಕುಂತದ, ಅಲ್ಲಿ ನನ್ನ ಹುರಮಂಜ ನಡ್ಯಂಗಿಲ್ಲ. ಬಾಯಿ ಹನಿ ಹಾಕ್ತಾಳ, ಹಾಕಸ್ಕೋ. ಜೋಡಿ ಸಿಟ್ಟ ಒಮ್ಮಿಗೇ ಇಳ್ಯಂಗಿಲ್ಲ. ಆಕಿ ಬಿಡು ಅಂದಾಗ ಬಿಡು, ನಿನ್ನ ಮನಸ್ಸಿಗೆ ಬಂದಾಗ ಅಲ್ಲ."

"ಹೂಂ ಆಯಿ."

"ಮತ್ತ ನಾಲಿಗಿ ಬರೀಬ್ಯಾಡ."

"ಇಲ್ಲ ಆಯಿ."

ಸ್ಟಿರಾಯ್ಡನ್ನು ಹೀಗೆ ನಿಧಾನ ಇಳಿಸಬೇಕು ಎಂದು ರೋಗಿಗಳಿಗೆ ತಿಳಿಸಲು ನಾನು ಪಡುವ ಪಾಡು ನನಗೇ ಗೊತ್ತು. ಅಂದಿನಿಂದ ಚಾಚಾ ಬಿಳಿ ಮುಚ್ಚಳದ ಹನಿಯನ್ನು ಜೋಡಿಯ ಹನಿ ಎಂದೂ, ಹಳದಿ ಮುಚ್ಚಳದ ಒತ್ತಡದ ಹನಿಯನ್ನು ಕಾಮನಬಿಲ್ಲಿನ ಹನಿ ಎಂದೂ ಕರೆದು ತಪ್ಪದೆ ಹಾಕಿಸಿಕೊಂಡ. ವಾರಕ್ಕೊಮ್ಮೆ ಯಂತ್ರದ ಮುಂದೆ ಗದ್ದ ಇಟ್ಟು "ಸಿಟ್ಟ ಎಷ್ಟ ಇಳದದ್ರಿ?" ಎಂದು ಕೇಳುವನು. "ಕಾಲುಭಾಗ," "ಅರ್ಧ" ಎಂದು ನಾನು ಹೇಳುವುದು ಮರುದಿನ ಘಾಟಬೋರಾಳಕ್ಕೆ ಮುಟ್ಟುತ್ತಿತ್ತು. ಒಮ್ಮೆ ನಾನೇ ಖುಷಿಯಲ್ಲಿ ಹನಿಯನ್ನು ಸ್ವಲ್ಪ ಬೇಗ ಕಡಿಮೆ ಮಾಡಿದೆ. ಕಣಗಳು ಮತ್ತೆ ತೇಲಿಕೊಂಡವು. ಅದು ಹೇಗೋ ಆಯಿಗೆ ತಿಳಿದು, "ಬಾಯಿಗೆ ಹೇಳು, ಅವಸರ ಮಾಡಬ್ಯಾಡ ಅಂತ," ಎಂದು ಸಿಸ್ಟರ್ ಮೂಲಕ ಬೈಗುಳ ಕಳಿಸಿದಳು. ಹನಿಯನ್ನು ಮತ್ತೆ ಹೆಚ್ಚಿಸಿದೆ. ಕೋಳಿಯ ವಿಷಯವೂ ಆಯಿಯ ಮುಂದೆಯೇ ಇತ್ಯರ್ಥವಾಯಿತು. ಜೋಡಿಗೂ ಕೋಳಿಗೂ ಹಗೆಯಿಲ್ಲ ಎಂದು ಆಕೆ ತೀರ್ಪು ಕೊಟ್ಟ ಸಂಜೆ ಚಾಚಿ ಒಲೆ ಹಚ್ಚಿದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಕಣ್ಣೊಳಗಿನ ನೀರು ತಿಳಿಯಾಯಿತು, ಒತ್ತಡ ಹದಕ್ಕೆ ಬಂತು. ಫಲಕದ ಮುಂದೆ ಕೂರಿಸಿದಾಗ ಚಾಚಾ ಕೊನೆಯ ಸಾಲಿನವರೆಗೂ ಇಳಿದ. ಇಳಿಯುತ್ತ, "ಈ 'ರ' ಬರದಾಂವ ಯಾರ್ರಿ, ಹೊಟ್ಟಿ ಒಂದು ಕಡೆ, ತಲಿ ಒಂದು ಕಡೆ," ಎಂದು ಗೊಣಗಿದ. ಅಷ್ಟು ಸಣ್ಣ ಅಕ್ಷರದ ಹೊಟ್ಟೆ ಕಂಡದ್ದೇ ನನಗೆ ಸಾಕಾಗಿತ್ತು. ನನ್ನ ಕಣ್ಣೇ ಮಂಜಾಯಿತು, ಪೆನ್ನು ಹುಡುಕುವ ನೆಪ ಮಾಡಿದೆ.

ನರದ ಸ್ಪರ್ಶ ಮಾತ್ರ ಪೂರ್ತಿ ಮರಳಲಿಲ್ಲ. ಕಸ ಬಿದ್ದರೂ ಆ ಕಣ್ಣು ನೋಯುವುದಿಲ್ಲ, ಅದಕ್ಕೇ ಅದನ್ನು ಹೆಚ್ಚು ಕಾಯಬೇಕು, ದಿನಕ್ಕೆರಡು ಸಲ ಕನ್ನಡಿ ನೋಡಿಕೊಳ್ಳಿ ಎಂದೆ. "ಗಾಡಿಗೆ ಹಿಂದ ಯಾರ ಬಂದಾರ ನೋಡಾಕ ಮಿರರ್ ಇರ್ತದಲ್ರಿ, ಹಂಗ," ಎಂದು ಆತ ಒಪ್ಪಿಕೊಂಡ. ಮತ್ತೆ ಎದ್ದು ಹೊರಗೆ ಹೋಗಿ ನಮ್ಮ ದವಾಖಾನೆಯ ಮಾಸಿದ ಬೋರ್ಡನ್ನು ಬಹಳ ಹೊತ್ತು ನೋಡಿ, "ಇದು ಇನ್ನ ನನ್ನ ಕೆಲಸ," ಅಂದ.

ಹಳೆಯ ಬೋರ್ಡಿನಲ್ಲಿ ಒಂದು ದೊಡ್ಡ ಕಣ್ಣಿತ್ತು. ಚಾಚಾ ಅದನ್ನು ಕಿತ್ತು, ಎರಡು ಕೋಟ್ ಪ್ರೈಮರ್ ಹೊಡೆದು, ಅದರ ಮೇಲೆ ಅರ್ಧ ಮುಖ ಬರೆದ. ಒಂದು ಹುಬ್ಬು, ಒಂದು ಕಣ್ಣು, ಅರ್ಧ ಮೂಗು. ಮೂಗಿನ ತುದಿಯಲ್ಲಿ ಒಂದು ಕೆಂಪು ಚುಕ್ಕೆ.

"ಇದೇನು ಚಾಚಾ, ಮೂಗಿಗೆ ಕುಂಕುಮ ಇಟ್ಟ ಹಾಗಿದೆ. ಅಳಿಸಿ."

"ಅಳಸಂಗಿಲ್ರಿ. ನೀವು ನನ್ನ ಮಾರಿ ಮ್ಯಾಲ ಮೊದಲ ಇದೇ ಹುಡಕಿದ್ದು."

ಮೂರು ಸಲ ಹೇಳಿದರೂ ಅಳಿಸಲಿಲ್ಲ. ನಾನೂ ಸಿಟ್ಟಿನಲ್ಲಿ ಬಿಟ್ಟೆ. ಕೆಲವು ದಿನ ಔಷಧಿ ಅಂಗಡಿಯವನು, ಚಹಾದವನು, ಬಂದು ಹೋಗುವವರೆಲ್ಲರೂ ಕಣ್ಣಿನ ದವಾಖಾನೆಗೆ ಮೂಗು ಯಾಕೆ ಎಂದು ಕೇಳಿದರು. ಹೇಳಿ ಹೇಳಿ ನನಗೂ ಸಿಸ್ಟರಿಗೂ ಸಾಕಾಯಿತು. ಆಮೇಲೆ ಚಹಾದವನೇ ಹೇಳತೊಡಗಿದ.

ಬೇಸಿಗೆಯ ಒಂದು ಬೆಳಿಗ್ಗೆ ಘಾಟಬೋರಾಳದಿಂದ ನಡುವಯಸ್ಸಿನ ಹೆಂಗಸೊಬ್ಬಳು ಬಂದಳು. ಹಿಂದಿನ ದಿನವಷ್ಟೇ ಎದ್ದ ಗುಳ್ಳೆಗಳು ಹಣೆಯ ಎಡಕ್ಕೆ, ಮೂಗಿನ ತುದಿಯಲ್ಲಿ ಒಂದು. ಹುರಮಂಜಿನ ಕುರುಹೂ ಇರಲಿಲ್ಲ. ದೀಪದ ಕೆಳಗೆ ನೋಡಿದೆ, ಗುಡ್ಡೆ ಇನ್ನೂ ತಿಳಿಯಾಗಿತ್ತು, ಹತ್ತಿಯ ಎಳೆ ಮುಟ್ಟಿಸಿದ ಕೂಡಲೇ ರೆಪ್ಪೆ ಬಡಿಯಿತು. ಇಷ್ಟು ಬೇಗ ಬಂದ ನಾಗೀಣದ ರೋಗಿಯನ್ನು ನಾನು ಈ ಊರಿನಲ್ಲಿ ಕಂಡಿರಲಿಲ್ಲ.

"ಆಯಿ ಹತ್ರ ಹೋಗಲಿಲ್ವಾ?" ಎಂದು ಕೇಳಿದೆ.

"ಹೋಗಿದ್ನಿರಿ. ಮಾರಿ ಕೈಲೆ ಮುಟ್ಟಿ ನೋಡಿ, ನಾ ಹಚ್ಚಂಗಿಲ್ಲ ಅಂದಳು. ಬೋರ್ಡಿನ ಮ್ಯಾಲ ಇದ್ದಂಗ ಆಗ್ಯಾದ, ಮೊದಲ ಅಲ್ಲಿ ಹೋಗು ಅಂದಳು."

ನನಗೆ ಹೇಳಲಾರದಷ್ಟು ಸಂತೋಷವಾಯಿತು. ಗುಳಿಗೆ ಬರೆಯುತ್ತ, "ಹಾಗಾದರೆ ಈ ಸಲ ಆಯಿ ಕಾಯಿ ತಗೊಳ್ಳಲಿಲ್ಲ," ಅಂದೆ.

"ಕಾಯಿ ಇಸಗೊಂಡಾಳ್ರಿ," ಅಂದಳು ಆ ಹೆಂಗಸು. "ಜೋಡಿ ಬರಬಾರದಂತ."